ಹಂದಿಗಿಲ್ಲದ ಪಥ್ಯ

ಬೇಲಿಯ ತಂತಿ ಒಂದೇ, ದಿನವೂ ಒಂದೇ. ಸದಾಶಿವಗಡದ ನಮ್ಮ ಹಂದಿಗೂಡಿನಿಂದ ತಪ್ಪಿಸಿಕೊಂಡ ಹೆಣ್ಣುಹಂದಿ ಭುಜ ಹರಿದುಕೊಂಡಿತು. ಅದನ್ನು ಅಟ್ಟಿಸಿಕೊಂಡು ಹೋದ ನನ್ನ ಅತ್ತೆ ಮೊಣಕಾಲ ಕೆಳಗೆ ಸೀಳಿಕೊಂಡರು. ಹದಿನೈದು ದಿನಕ್ಕೆ ಹಂದಿಯ ಗಾಯ ಕೂಡಿತು. ಎರಡು ತಿಂಗಳಾದರೂ ಅತ್ತೆಯದು ಬಾಯಿ ತೆರೆದುಕೊಂಡೇ ಇತ್ತು.

ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದೂ ಏನೂ ಮಾಡಲಾಗದೆ ಹಲ್ಲು ಕಡಿಯುತ್ತಿದ್ದೆ. ಗಾಯವಾದಾಗಿನಿಂದ ಅತ್ತೆ ಪಥ್ಯ ಹಿಡಿದಿದ್ದರು: ಗಂಜಿ, ಉಪ್ಪು, ಸುಟ್ಟ ಒಣಮೀನು. ಹಣ್ಣಿಲ್ಲ, ಸೊಪ್ಪಿಲ್ಲ, ಹುಳಿಯ ಹೆಸರೆತ್ತುವ ಹಾಗೇ ಇಲ್ಲ. ಕಾರವಾರದ ಡಾಕ್ಟರು ರಕ್ತ ಪರೀಕ್ಷಿಸಿ, ಸಕ್ಕರೆ ಕಾಯಿಲೆ ಇಲ್ಲವೆಂದು ಹೇಳಿ, ದಿನಾ ಹಣ್ಣು ತಿನ್ನಿ ಎಂದು ಬರೆದುಕೊಟ್ಟರು. ಅತ್ತೆ ಆ ಚೀಟಿಯನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿ ಗಂಜಿಗೆ ಕೂತರು.

"ಹುಳಿ ತಿಂದ್ರೆ ಕೀವಾಗ್ತದೆ. ಡಾಕ್ಟರಿಗೆಂತ ಗೊತ್ತು?"

ಹಿತ್ತಿಲ ತುಂಬ ಗೇರುಹಣ್ಣು ಉದುರುವ ಕಾಲ. ಅತ್ತೆ ಬೀಜ ತಿರುಚಿ ತೆಗೆದು, ಹಣ್ಣನ್ನು ಬುಟ್ಟಿಗಟ್ಟಲೆ ಕುಂಟುತ್ತ ಒಯ್ದು ಹಂದಿಗೆ ಸುರಿಯುತ್ತಿದ್ದರು. ಕಂಡಾಗಲೆಲ್ಲ ನನ್ನ ಮೈ ಉರಿಯುತ್ತಿತ್ತು.

ಮರಿಗಳಿಗೆ ಚುಚ್ಚುಮದ್ದು ಹಾಕಲು ಅಂಕೋಲೆಯಿಂದ ಪಶುವೈದ್ಯೆ ಬಂದ ದಿನ, ಅತ್ತೆಯ ಕಿವಿಗೆ ಬೀಳಲೆಂದೇ ಗಟ್ಟಿಯಾಗಿ ಕೇಳಿದೆ: ಹಂದಿಯ ಗಾಯ ಕೂಡಿದ್ದು ಗೇರುಹಣ್ಣಿನಿಂದ ತಾನೇ?

"ಇಲ್ಲ ಮಾರಾಯ್ತಿ," ಎಂದು ಆಕೆ ನಕ್ಕರು. "ಚರ್ಮ, ಕೀಲು ಎಲ್ಲ ಹಿಡಿದಿಡೋ ನಾರು ಅದೆಯಲ್ಲ, ಅದಕ್ಕೆ ಸಿ ವಿಟಮಿನ್ ಬೇಕು. ಹಂದಿ ಅದನ್ನ ತನ್ನ ಮೈಯೊಳಗೇ ಮಾಡ್ಕೊಳ್ತದೆ. ಮೇಲಿಂದ ನೀವು ಹಾಕೋ ಮೀನ್ತಲೆ, ತೌಡು ಅದೆ. ಹಣ್ಣು ಬರೇ ಬಾಯಿರುಚಿಗೆ. ಮಾಡ್ಕೊಳ್ಳಿಕ್ಕೆ ಬರ್ದೇ ಇರೋದು ನಮ್ಗೆ, ಮನುಷ್ಯರಿಗೆ. ನಾವು ಹಣ್ಣು, ಸೊಪ್ಪು ತಿನ್ಲೇಬೇಕು."

ಬೇಡದ ಹಂದಿಗೆ ಬುಟ್ಟಿ ಹಣ್ಣು, ಬೇಕಾದವರಿಗೆ ಗಂಜಿ! ವೈದ್ಯೆ ಹೋದದ್ದೇ ತಡ, ಗೇರುಹಣ್ಣು ಹೆಚ್ಚಿ, ಉಪ್ಪು ಸವರಿ, ಬಟ್ಟಲನ್ನು ಅತ್ತೆಯ ಮುಂದೆ ಕುಕ್ಕಿದೆ. "ಕಾಲು ಕಳ್ಕೊಂಡೇ ಬಿಡ್ಬೇಕು ಅಂತ ಮಾಡಿದ್ರಾ?"

ಅತ್ತೆ ಬಟ್ಟಲು ಮುಟ್ಟಲಿಲ್ಲ. "ನಿನ್ನ ಮಾವನ ಕಾಲಿಗೆ ಹೊಳೇಲಿ ಕಲಗದ ಸಿಂಪಿ ಚಿಪ್ಪು ಹೊಕ್ಕಿತ್ತು. ಊಟಕ್ಕೆ ಕೋಕಂ ಕಡಿ, ಆ ಹುಳಿ ಸಾರೇ ಬೇಕು ಅಂತ ಹಟ ಹಿಡಿದ್ರು. ಪಾಪ ಅಂತ ನಾನೇ ಬಡಿಸ್ದೆ. ಕಾಲು ಕೊಳೀತು, ಅವ್ರು ಹೋದ್ರು."

ಮಾವನಿಗೆ ಸಕ್ಕರೆ ಕಾಯಿಲೆ ವಿಪರೀತವಾಗಿತ್ತು, ಕಾಲು ಕೊಳೆತದ್ದು ಅದರಿಂದ. ಇದು ನನ್ನ ಗಂಡನಿಗೆ ಗೊತ್ತು, ಮೈದುನನಿಗೆ ಗೊತ್ತು, ಆಮೇಲೆ ಮದುವೆಯಾಗಿ ಬಂದ ನನಗೂ ಗೊತ್ತು. ಆಸ್ಪತ್ರೆಯಲ್ಲಿ ಗಂಡಸರ ಕಿವಿಗೆ ಬಿದ್ದ ಮಾತನ್ನು ಅಡುಗೆಮನೆಗೆ ಯಾರೂ ತಂದಿರಲಿಲ್ಲ. ಎರಡು ತಿಂಗಳು ಕೂಗಾಡಿದ ನಾನೂ ಒಮ್ಮೆಯೂ ಯಾಕೆ ಎಂದು ಕೇಳಿರಲಿಲ್ಲ. ನಾಚಿಕೆಯಾಯಿತು.

ಪಕ್ಕದಲ್ಲಿ ಕೂತು ಎಲ್ಲ ಹೇಳಿದೆ. ಅತ್ತೆ ನನ್ನ ಕಡೆ ತಿರುಗಿದರು.

"ಕಡಿಯಿಂದ ಅಲ್ಲನೇ?"

"ಅಲ್ಲ."

"ಇಪ್ಪತ್ತು ವರ್ಷ ಆಯ್ತು, ನಾ ಕಡಿ ಮಾಡ್ಲೇ ಇಲ್ಲ," ಎಂದರು. ಆಮೇಲೆ ಬಟ್ಟಲಿನಿಂದ ಒಂದು ಹೋಳು ತೆಗೆದು ಬಾಯಿಗಿಟ್ಟುಕೊಂಡರು.