ಕುಳಿಗೆ ಹೋಗಬೇಕು ಎಂದವನನ್ನು ಸ್ನಾನಕ್ಕೆ ಕಳಿಸಿದರು

ಹೋದ ವರ್ಷ, ೧೯೮೬ರ ಆಡಿ ತಿಂಗಳಲ್ಲಿ, ಅಂದರೆ ಆಷಾಢದಲ್ಲಿ, ನಮ್ಮ ಅತ್ತಿಗೆ ಸರಸು ಕೊಯಮತ್ತೂರಿನ ಆಸ್ಪತ್ರೆಯೊಂದರಲ್ಲಿ ಗಂಡುಮಗುವನ್ನು ಹೆತ್ತಳು. ಆ ಹೆರಿಗೆಯಲ್ಲಿ ಕಾಯಿಲೆ ಬಿದ್ದವನು ಮಾತ್ರ ನನ್ನ ಅಣ್ಣ ರಾಮಲಿಂಗ.

ನಗಬೇಡಿ. ನಕ್ಕವರೆಲ್ಲ ನಕ್ಕು ಆಗಿದೆ.

ಮಗು ತೂಕವಿಲ್ಲದೆ ಹುಟ್ಟಿತ್ತು, ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಯಲ್ಲೇ ಇರಿಸಿಕೊಂಡರು. ಅದೇ ಕೊಯಮತ್ತೂರಿನ ಸಿಂಗಾನಲ್ಲೂರಿನಲ್ಲಿ, ಒಳಗೆ ಕನ್ನಡ ಹೊರಗೆ ತಮಿಳು ಆಡುವ ನಮ್ಮ ನೇಕಾರರ ಮನೆಯಲ್ಲಿ, ಅಣ್ಣ ಮಗ್ಗದ ಕುಳಿಯೊಳಗೆ ಕಾಲು ಇಳಿಬಿಟ್ಟು, ಲಾಳಿ ಹಿಡಿದು, ಗೋಡೆ ನೋಡುತ್ತಾ ಕೂತುಬಿಡುತ್ತಿದ್ದ. ಊಟ ಸೇರದು, ನಿದ್ದೆ ಬಾರದು. ಆಸ್ಪತ್ರೆಗೆ ಹೋದಾಗ ಮಗುವನ್ನು ಎತ್ತಿಕೋ ಎಂದರೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ನಮ್ಮ ಅಮ್ಮನ ನಾಲಿಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತು. “ಎತ್ತೋಳು ಅವ್ಳು, ಮಲ್ಗಿದೋನು ಇವ್ನು! ಏನ್ರಾ ರಾಸಾ, ನಿಂಗೂ ಪತ್ಯದ ಸಾರು ಕಾಸ್ಲಾ? ಸೊಂಟಕ್ಕೆ ಬಟ್ಟೆ ಕಟ್ಲಾ?” ಎಂದು ಬೀದಿಗೆ ಕೇಳುವಂತೆ ಕೂಗುತ್ತಿದ್ದಳು. ಬೀದಿಯೂ ಕೇಳಿಸಿಕೊಂಡು ಅವನಿಗೆ ‘ಬಾಣಂತಿ’ ಎಂದು ಹೆಸರಿಟ್ಟಿತು.

ಒಂದು ಬೆಳಿಗ್ಗೆ ಅಣ್ಣ ತಣ್ಣಗೆ ಹೇಳಿದ: “ಆ ಕೂಸನ್ನೂ ನನ್ನೂ ಒಂದೇ ಕುಳಿಗೆ ಆಕ್ಬುಡಿ.”

“ಕುಳಿಗೆ ತಾನೆ? ಇಳಿ. ಇಳಿದು ನೇಯಿ. ಸೀರೆ ಅರ್ಧಕ್ಕೆ ನಿಂತದೆ” ಎಂದಳು ಅಮ್ಮ. ನೇಕಾರರ ಮನೆಯಲ್ಲಿ ಕುಳಿಗೆ ಇಳಿಯುವುದೆಂದರೆ ಕೆಲಸಕ್ಕೆ ಕೂರುವುದು. ಸತ್ತವರನ್ನು ಇಳಿಸುವ ಗುಂಡಿಯನ್ನೂ ನಾವು ಕುಳಿ ಎಂದೇ ಕರೆಯುತ್ತೇವೆ.

ನಾನು ಆಗ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ‘ದೇವರಿಲ್ಲ’ ಎಂಬ ಪಕ್ಷವನ್ನೇ ಕೇಳಿ ಪಡೆಯುತ್ತಿದ್ದವನು. ಇಂಥ ಪತ್ರಿಕೆಗಳಲ್ಲಿ ಬರುವ ಭಕ್ತರ ಅನುಭವಗಳನ್ನು ಓದಿ ಎಲ್ಲಿ ತರ್ಕ ಜಾರಿದೆ ಎಂದು ಪೆನ್ಸಿಲಿನಲ್ಲಿ ಗೆರೆ ಎಳೆಯುತ್ತಿದ್ದವನು. ಈ ಬರಹಕ್ಕೂ ಯಾರಾದರೂ ಎಳೆಯಲಿ. ಎಳೆಯುವವರಿಗಾಗಿಯೇ ಬರೆಯುತ್ತಿದ್ದೇನೆ.

ಅತ್ತಿಗೆಯಿದ್ದ ವಾರ್ಡಿನಲ್ಲಿ ಒಬ್ಬ ಹೊಸ ಡಾಕ್ಟರಮ್ಮ ಇದ್ದರು. ಹೆತ್ತವರನ್ನೆಲ್ಲ ಒಬ್ಬೊಬ್ಬರಾಗಿ ವಿಚಾರಿಸುವುದು ಅವರ ಪದ್ಧತಿ: ನಿದ್ದೆ ಬರುತ್ತದೆಯೇ, ಕಾರಣವಿಲ್ಲದೆ ಅಳು ಬರುತ್ತದೆಯೇ, ಮಗುವನ್ನು ಮುಟ್ಟಲು ಭಯವೇ, ಸಾಯಬೇಕು ಅನ್ನಿಸುತ್ತದೆಯೇ? ಬಾಗಿಲಲ್ಲಿ ಫ್ಲಾಸ್ಕು ಹಿಡಿದು ನಿಂತ ಗಂಡಂದಿರನ್ನೂ ಅವರು ಬಿಡುತ್ತಿರಲಿಲ್ಲ. ಆ ಮಧ್ಯಾಹ್ನ ಅಣ್ಣ ಹೋದಾಗ ಅವರು ಹೆರಿಗೆ ಕೋಣೆಯಲ್ಲಿದ್ದುದರಿಂದ ಪ್ರಶ್ನೆ ಕೇಳುವ ಕೆಲಸ ನರ್ಸಮ್ಮನ ಪಾಲಿಗೆ ಬಂತು.

ನಾನು ವಾರ್ಡಿಗೆ ಹೋದಾಗ ನರ್ಸಮ್ಮ ನಗುತ್ತಿದ್ದಳು. “ನಿಮ್ಮಣ್ಣ ಒಳ್ಳೇ ಆಳಪ್ಪ! ಮನಸ್ಸಲ್ಲಿ ಏನಿದೆ ಹೇಳಿ ಅಂದ್ರೆ ‘ಕುಳಿಕ್ಕು ಪೋಗಣುಂ, ಕುಳಿಕ್ಕು ಪೋಗಣುಂ’ ಅಂತಾರೆ. ಹೋಗಿ ಚೆನ್ನಾಗಿ ಕುಳಿಂಗ ಅಣ್ಣಾ ಅಂತ ಮನೆಗೆ ಕಳಿಸ್ದೆ” ಎಂದು ತಮಿಳಿನಲ್ಲಿ ಹೇಳಿ, ಅವನ ‘ಕ್ಕು’ವನ್ನು ಮೂತಿ ಚೂಪು ಮಾಡಿ ಅಣಕಿಸಿದಳು.

ಆ ‘ಕ್ಕು’ ಕೇಳಿದ್ದೇ ನನಗೆ ಅಣ್ಣನ ಬೆಳಗಿನ ಮಾತು ನೆನಪಾಯಿತು. ತಮಿಳಿನಲ್ಲಿ ‘ಕುಳಿಕ್ಕ ಪೋಗಣುಂ’ ಎಂದರೆ ಸ್ನಾನಕ್ಕೆ ಹೋಗಬೇಕು. ಅಣ್ಣ ಅದನ್ನು ಹೇಳಿರಲಿಲ್ಲ. ಮನೆಯ ಕನ್ನಡದ ಕುಳಿಗೆ ತಮಿಳಿನ ಬಾಲ ಕಟ್ಟಿದ್ದ. ಕುಳಿಗೆ ಹೋಗಬೇಕು ಎಂದಿದ್ದ. ಸಾವನ್ನು ಬಾಯಿಬಿಟ್ಟು ಹೇಳಿದವನಿಗೆ ಸ್ನಾನ ಮಾಡು ಎಂದು ಕಳಿಸಿದ್ದರು.

ಅವನು ಹೊರಟು ಬಹಳ ಹೊತ್ತಾಗಿತ್ತು. ಸಿಂಗಾನಲ್ಲೂರಿನ ಬಸ್ಸು ಹತ್ತಿದರೆ ಮಿಲ್ಲುಗಳ ಪಾಳಿ ಬಿಡುವ ಹೊತ್ತು. ಸೈಕಲ್ಲುಗಳ ಹಿಂಡಿನ ನಡುವೆ ಬಸ್ಸು ತೆವಳಿತು. ನಾನು ಮುಂದೆ ನುಗ್ಗಿ ನುಗ್ಗಿ ಬಾಗಿಲಿಗೆ ಬಂದೆ. “ಎನ್ನ ತಂಬಿ, ಎಳವು ವೀಟುಕ್ಕಾ?” ಸಾವಿನ ಮನೆಗೇನು ಹೊರಟಿರುವೆ ಎಂದು ಕಂಡಕ್ಟರ್ ಗದರಿದ.

ಅಲ್ಲೇ, ಕಂಬಿ ಹಿಡಿದು, ನಾನು ಪ್ರಾರ್ಥಿಸಿದೆ. ಜೀವನದ ಮೊದಲ ಪ್ರಾರ್ಥನೆ, ನಮ್ಮ ಮನೆದೇವತೆ ಚೌಡಮ್ಮನಿಗೆ. ಅದೂ ವಾದದ ಧಾಟಿಯಲ್ಲೇ ಬಂತು. “ಚೌಡಮ್ಮಾ, ನೀನಿಲ್ಲ ಅಂತ ಗೆದ್ದು ಕಪ್ಪು ತಂದೋನು ನಾನು. ಎರಡೇ ಕೇಳ್ತೀನಿ. ಅಣ್ಣ ಉಳೀಲಿ. ನಾ ಓಗಿ ಸೇರೋಗಂಟ ಅಮ್ಮ ಬಾಯಿ ಬಿಡದೆ ಇರ್ಲಿ.” ಅಂಥ ಹೊತ್ತಿನಲ್ಲಿ ಅವಳ ಒಂದು ಮಾತು ಬಿದ್ದರೂ ಸಾಕು, ಅವನು ಮುಗಿದ ಎಂದು ನನ್ನ ಲೆಕ್ಕ.

ಮನೆ ಮುಂದೆ ಜನ. ತಿಣ್ಣೆಯ ಮೇಲೆ ಅಮ್ಮ ತಲೆ ಕೆದರಿಕೊಂಡು ಕೂತಿದ್ದಳು. ಅವಳ ತೊಡೆಯ ಮೇಲೆ ಅಣ್ಣನ ತಲೆ. ಉಸಿರಿತ್ತು. ಅವಳು ಅವನ ಕೆನ್ನೆಗೆ ಬಾರಿಸುತ್ತಲೇ ಇದ್ದಳು. “ಸಾಯಕ್ಕೆ ನನ್ನ ಒಂದ್ ಮಾತ್ ಕೇಳ್ದೇನ್ರಾ, ನಾಯೀ? ಎತ್ತೋಳ್ ನಾನಾ ನೀನಾ?”

ನಡೆದದ್ದು ಇಷ್ಟು. ಅಣ್ಣ ಬಂದು ಮಗ್ಗಕ್ಕೆ ಕೂತ. ಲಾಳಿಯ ಸದ್ದು ಕೇಳಿ ಅಮ್ಮನಿಗೆ ಸಮಾಧಾನವಾಯಿತು. ಸದ್ದು ನಿಂತಿತು. ಅಮ್ಮ ಹೊರಗಿನಿಂದಲೇ ಬೈದಳು. ಅವನ ಹುಟ್ಟನ್ನು ಬೈದಳು, ಅವನ ಗಂಡಸುತನವನ್ನು ಬೈದಳು. ಒಂದು ‘ಊಂ’ ಕೂಡ ಇಲ್ಲ. ಬೈಗುಳಕ್ಕೆ ಉತ್ತರ ಬರದಿದ್ದರೆ ನಮ್ಮಮ್ಮ ಸಹಿಸುವವಳಲ್ಲ. ಹೊಡೆಯಲೆಂದೇ ಪೊರಕೆ ಹಿಡಿದು ಒಳಗೆ ಹೋದಳು. ಅಲ್ಲಿ ಕಂಡದ್ದನ್ನು ನಾನು ಬರೆಯುವುದಿಲ್ಲ. ಪೊರಕೆ ಎಸೆದು ಅವನ ಕಾಲುಗಳನ್ನು ತಬ್ಬಿ ಎತ್ತಿ ಹಿಡಿದಳು. ಹಿಡಿದುಕೊಂಡೇ ಬಾಯಿಗೆ ಬಂದದ್ದೆಲ್ಲ ಒದರಿದಳು. ನೆರೆಯವರು ಓಡಿಬಂದದ್ದು ಕಾಪಾಡಲಿಕ್ಕಲ್ಲ, ಜಗಳ ನೋಡಲಿಕ್ಕೆ. ಬಂದವರೇ ಅವನನ್ನು ಇಳಿಸಿದರು.

ಕಾಕತಾಳೀಯ, ಅಲ್ಲವೆ? ಆ ವಾದವನ್ನು ನಿಮಗಿಂತ ಚೆನ್ನಾಗಿ ನಾನು ಮಂಡಿಸಬಲ್ಲೆ. ಆದರೆ ಇದಕ್ಕೆ ಉತ್ತರ ಕೊಡಿ: ನಾನು ಕೇಳಿದ್ದು ಎರಡು. ಎರಡನೆಯದನ್ನು ಕೊಟ್ಟು ಅಮ್ಮನ ಬಾಯಿ ಕಟ್ಟಿದ್ದರೆ ಅಣ್ಣ ಇರುತ್ತಿರಲಿಲ್ಲ. ಒಂದನ್ನು ಕೊಟ್ಟು ಒಂದನ್ನು ತಳ್ಳಿಹಾಕಿದ ಆ ವಿವೇಕ ಯಾರದು? ನನ್ನದಂತೂ ಅಲ್ಲ, ಅಮ್ಮನದಂತೂ ಅಲ್ಲವೇ ಅಲ್ಲ.

ಮರುದಿನ ಡಾಕ್ಟರಮ್ಮ ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದರು. ಈ ಸಲ ನಾನು ಮನೆಯ ಮಾತಿನಲ್ಲಿ ಕೇಳಿದೆ, ಅಣ್ಣ ಮನೆಯ ಮಾತಿನಲ್ಲೇ ಹೇಳಿದ. ಹೇಳುತ್ತಾ ಹೋದ. ಇದು ಸೋಮಾರಿತನವಲ್ಲ, ಹುಚ್ಚಲ್ಲ, ಹೆರಿಗೆಯ ಸುತ್ತ ತಂದೆಗೂ ಬರಬಹುದಾದ ಕಾಯಿಲೆ ಎಂದು ಅವರು ಅಮ್ಮನಿಗೆ ವಿವರಿಸಿದರು.

“ಆಂಬಳೆಗೂ ಬರ್ತದಾ, ಗಂಡಸ್ಗೂ?” ಎಂದಳು ಅಮ್ಮ. ಆಮೇಲೆ ಯಾರ ಮುಖವನ್ನೂ ನೋಡದೆ, “ಇವ್ನ ಎತ್ತಾಗ ನಂಗೂ ಅಂಗೇ ಇತ್ತು. ಯಾರ್ ಕೇಳುದ್ರು? ಬೈದ್ ಬೈದೇ ಬದುಕ್ದೆ” ಎಂದಳು.

ಅಮ್ಮ ಬದಲಾದಳು ಎಂದು ಬರೆದರೆ ಸುಳ್ಳಾಗುತ್ತದೆ. ಬೀದಿಯಲ್ಲಿ ಅವನ ಹೆಸರು ಇಂದಿಗೂ ‘ಬಾಣಂತಿ’ಯೇ. ಅಣ್ಣ ಮಾತ್ರೆ ನುಂಗುತ್ತಾನೆ. ಮಗುವನ್ನು ಎತ್ತಿಕೊಳ್ಳುತ್ತಾನೆ, ಬೇಗನೆ ಅತ್ತಿಗೆಗೆ ದಾಟಿಸುತ್ತಾನೆ. ಡಾಕ್ಟರಮ್ಮನ ಹತ್ತಿರ ಹೋದಾಗಲೆಲ್ಲ ಆ ಕೊನೆಯ ಪ್ರಶ್ನೆ ಬರುತ್ತದೆ: ಸಾಯಬೇಕು ಅನ್ನಿಸುತ್ತದೆಯೇ?

ಹೋದ ಸಲ ಅಣ್ಣ “ಇವತ್ತಿಲ್ಲ” ಎಂದ.

ಚೌಡಮ್ಮಾ, ಆ ‘ಇವತ್ತಿಲ್ಲ’ಕ್ಕೆ ನಿನಗೆ ಅಡ್ಡಬಿದ್ದೆ. ಇದರ ಮೇಲೆ ನನ್ನ ವಾದವಿಲ್ಲ.