ದಾಂಡೇಲಿಯ ನಾಟಾ ಸುಲ್ತಾನ

ಎರಡನೇ ಮಹಾಯುದ್ಧದ ವರ್ಷಗಳಲ್ಲಿ, ಕಾಡಿನ ಮರ ಕಡಿಸಿ ಮಾರುವ ದಾಂಡೇಲಿಯ ನಾಟಾ ಗುತ್ತಿಗೆದಾರ ದಿಲಾವರಖಾನ ತನ್ನನ್ನು ತಾನೇ ಸುಲ್ತಾನ ಮಾಡಿಕೊಂಡಿದ್ದ. ಬಿಜಾಪುರದ ಸುಲ್ತಾನರೇ ತನ್ನ ಮುತ್ತಜ್ಜಂದಿರು ಎನ್ನುತ್ತಿದ್ದ. ಎತ್ತುಗಳಿಗೆ ವಜೀರ, ಸರದಾರ ಎಂದು ಹೆಸರಿಟ್ಟಿದ್ದ. ಹಿಂದೆ ಶುಕ್ರವಾರದ ನಮಾಜಿನ ಪ್ರವಚನವಾದ ಖುತ್ಬಾದಲ್ಲಿ ಸುಲ್ತಾನರ ಹೆಸರು ಓದುತ್ತಿದ್ದಂತೆ ತನ್ನದನ್ನೂ ಓದಬೇಕೆಂದು ಮಸೀದಿಯಲ್ಲಿ ಜಗಳ ತೆಗೆಯುತ್ತಿದ್ದ. ಸುಲ್ತಾನ ಎನ್ನದ ಕೂಲಿಗೆ ಕೆಲಸವಿಲ್ಲ. ಅವನ ಕೂಲಿ, ಸಿದ್ದಿ ಜನಾಂಗದ ನಬಿಸಾಬ ಕಾಡಿನಲ್ಲಿ ದಿಮ್ಮಿಯ ಕೆಳಗೆ ಸಿಕ್ಕು ಸತ್ತ ದಿನ, ಅವನ ಹೆಂಡತಿ ದೌಲತಬಿ ಹೆಣ ತರಲು ಗಾಡಿ ಕೇಳಿದಳು. "ಮೊದಲ ನನಗ ಸುಲ್ತಾನ ಅನ್ನು," ಎಂದ ಆ ನೀಚ. "ಬಡವರ ಫಿರ್ಯಾದಿ ಕೇಳಾವ್ರಿಗೆ ಸುಲ್ತಾನ ಅಂತಿದ್ರು. ನಿನಗ್ಯಾಕ ಅನ್ನಲಿ?" ಎಂದು ಅವಳು ಕಾಡಿನತ್ತ ನಡೆದಳು. ಕೂಲಿಯವರು ಕೊಡಲಿ ಕೆಳಗಿಟ್ಟು ಅವಳ ಹಿಂದೆ ಹೊರಟರು. "ಯಾರ ಹುಕುಮಿನಿಂದ ಹೊಂಟೀರಿ?" ಎಂದು ಅವನು ಕಿರುಚಿದ. ಯಾರೂ ತಿರುಗಿ ನೋಡಲಿಲ್ಲ. ನಬಿಸಾಬನನ್ನು ಹೆಗಲ ಮೇಲೆಯೇ ಹೊತ್ತು ತಂದರು.