ಸರಸತ್ತೆಯ ಆರತಿ ಕ್ಯಾಸೆಟ್ಟು

ಆಗೆಲ್ಲ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಯಾರ ಮನೆಯಲ್ಲಿ ಯಾವ ಕ್ಯಾಸೆಟ್ಟು ಹಾಕಿದ್ದಾರೆಂದು ಎಲ್ಲರಿಗೂ ಕೇಳುತ್ತಿತ್ತು. ತೊಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಐದನೆಯ ಕ್ಲಾಸೋ ಆರನೆಯದೋ. ಇಷ್ಟು ಬರೆಯುವಷ್ಟರಲ್ಲೇ ನನಗೆ ಅನುಮಾನ ಶುರುವಾಗುತ್ತದೆ. ಕೆಲವು ವಿವರಗಳನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ನಮ್ಮ ಮನೆಯ ಟೇಪ್‌ರೆಕಾರ್ಡರ್ ಸೆಟ್ಟಿನ ಬಣ್ಣ ಬೂದಿ ಎಂದು ನನ್ನ ನೆನಪು. ಕಪ್ಪು ಎಂದು ನನ್ನ ತಮ್ಮ ಹಟ ಹಿಡಿಯುತ್ತಾನೆ. ಆ ಬೇಸಿಗೆಯ ಮದುವೆ ಯಾರದ್ದು, ಹಾಡಿದ್ದು ಯಾರು ಎನ್ನುವುದರ ಬಗ್ಗೆ ಮಾತ್ರ ಮನೆಯಲ್ಲಿ ತಕರಾರಿಲ್ಲ.

ಸರಸತ್ತೆ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ಮಗಳು ವೀಣಕ್ಕನನ್ನು ಕರೆದುಕೊಂಡು ನಮ್ಮ ಮನೆಗೇ ಬಂದುಬಿಟ್ಟಿದ್ದರು. ಜೊತೆಯಲ್ಲಿ ಬಂದದ್ದು ಮಾವ ಕೊಂಡಿದ್ದ ದೊಡ್ಡ ಟೂ-ಇನ್-ಒನ್ ಸೆಟ್ಟು, ಮತ್ತು ಅದರಲ್ಲೇ ಅವರು ರೆಕಾರ್ಡ್ ಮಾಡಿದ್ದ ಒಂದು ಕ್ಯಾಸೆಟ್ಟು. ಗಂಡನ ಮನೆಯ ಕಡೆಯ, ಮೂರು ನುಡಿಯ ಒಂದು ಆರತಿ ಹಾಡನ್ನು ಅತ್ತೆ ಅದರಲ್ಲಿ ಹಾಡಿದ್ದರು. ಹಾಡಿಗೆ ಮುಂಚೆ, ರೆಕಾರ್ಡಿಂಗ್ ದೀಪ ಹೊತ್ತಿಕೊಂಡಾಗಿನ ಮಾವನ ದನಿ ಇತ್ತು: "ಹ್ಞೂಂ, ಹಾಡು ಸರಸು. ಕೆಂಪು ದೀಪ ಬಂತು." ಆಮೇಲೆ ಬಳೆಯ ಸದ್ದು. ಆಮೇಲೆ ಹಾಡು.

ನಮ್ಮ ನೆಂಟರಲ್ಲಿ ಯಾರ ಮನೆಯ ಶುಭಕಾರ್ಯವಾದರೂ ಆರತಿಗೆ ಅದೇ ಹಾಡು ಬೇಕು. ಆದರೆ ಗಂಡನಿಲ್ಲದವಳು ಆರತಿಗೆ ನಿಲ್ಲುವಂತಿಲ್ಲ, ಹಾಡುವಂತಿಲ್ಲ. ಇದಕ್ಕೆ ದಾರಿ ಹುಡುಕಿದ್ದು ಅಜ್ಜಿ, ಅತ್ತೆಯ ಹೆತ್ತ ತಾಯಿ.

"ಕ್ಯಾಸೆಟ್ಟಲ್ಲಿರೋದು ಮುತ್ತೈದೆ ದನಿ ಕಣೇ, ಅದಕ್ಕೇನು ದೋಷ ಇಲ್ಲ. ಅಳಿಯಂದ್ರ ಮಾತು ಮಾತ್ರ ಅಲ್ಲಿ ಕೇಳ್ಬಾರ್ದು. ಅದನ್ನ ದಾಟ್ಸಿ ಇಟ್ಟುಕೊಡು."

ಹೀಗೆ ಅತ್ತೆಯ ದನಿ ಅತ್ತೆ ಹೋಗಬಾರದ ಜಾಗಕ್ಕೆಲ್ಲ ಹೋಗುತ್ತಿತ್ತು. ಹೊರಡುವ ಮುಂಚೆ ಅವರು ಮನೆಯಲ್ಲಿ ಮಾವನ ಮಾತನ್ನು ಒಂದು ಸಲ ಕೇಳಿ, ಬಳೆಯ ಸದ್ದಿನ ಹತ್ತಿರ ನಿಲ್ಲಿಸಿ, ಸೆಟ್ಟನ್ನು ನನ್ನ ಕೈಗೆ ಕೊಡುತ್ತಿದ್ದರು. ಹಸೆಮಣೆಯ ಪಕ್ಕ ಕೂತು ಗುಂಡಿ ಒತ್ತುವುದು ನನ್ನ ಕೆಲಸ. ಅವರು ಛತ್ರದ ಊಟದ ಮನೆಯಲ್ಲಿ ಬಾಳೆಲೆ ಒರೆಸುತ್ತ ತಮ್ಮದೇ ಹಾಡು ಕೇಳಿಸಿಕೊಳ್ಳುತ್ತಿದ್ದರು. ಅದು ಅವರಿಗೆ ಹೇಗಿತ್ತೆಂದು ಆಗ ನನಗೆ ಯೋಚನೆಯೇ ಬರಲಿಲ್ಲ.

ಆ ಬೇಸಿಗೆಯಲ್ಲಿ ಸೆಟ್ಟು ಟೇಪು ತಿನ್ನಲು ಶುರುಮಾಡಿತು. ಚೆನ್ನಾಗಿ ಹಾಡುತ್ತಿದ್ದದ್ದು ಇದ್ದಕ್ಕಿದ್ದಂತೆ ನಿದ್ದೆಗಣ್ಣಿನಲ್ಲಿ ಮಾತಾಡುವವರ ಹಾಗೆ ಎಳೆದು ನಿಂತುಬಿಡುತ್ತಿತ್ತು. ಮುಚ್ಚಳ ತೆಗೆದರೆ ಕಂದು ಬಣ್ಣದ ರೀಲು ರಬ್ಬರ್ ಚಕ್ರಕ್ಕೆ ಶಾವಿಗೆಯಂತೆ ಸುತ್ತಿಕೊಂಡಿರುತ್ತಿತ್ತು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಅತ್ತೆ ಅದನ್ನು ನಡುಮನೆಯಲ್ಲಿ ಬಿಚ್ಚಿಕೊಂಡು ಕೂರುತ್ತಿದ್ದರು. ಬಿಚ್ಚಿದ ಸ್ಕ್ರೂಗಳು ಕಳೆಯದಂತೆ ಮೊರದಲ್ಲಿ ಇಡುತ್ತಿದ್ದರು. ಪೊರಕೆ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ಚಕ್ರ ಒರೆಸುತ್ತಿದ್ದರು. ಮಾವಿನಕಾಯಿ ಚಿತ್ರಾನ್ನದ ಒಗ್ಗರಣೆ ಮತ್ತು ಸ್ಪಿರಿಟ್, ಎರಡೂ ಸೇರಿದ ವಾಸನೆ ನನಗೆ ಆ ಬೇಸಿಗೆಯ ವಾಸನೆ. ಹೊರಗೆ ಕುಂಟೆಬಿಲ್ಲೆಗೆ ಗೆಳತಿಯರು ಕೂಗುತ್ತಿದ್ದರೂ ನಾನು ಅಲ್ಲೇ ಕೂತಿರುತ್ತಿದ್ದೆ.

"ನಮ್ಮನೇಲಿ ಹೊಟ್ಟೆ ತುಂಬಾ ತಿನ್ನೋದು ಇದೊಂದೇ," ಎನ್ನುತ್ತಿದ್ದರು ಅತ್ತೆ.

"ಅಮ್ಮಾ, ಹಾಡೋದು ಬಿಟ್ಟು ರಿಪೇರಿ ಅಂಗಡಿ ಇಟ್ಬಿಡು," ಎಂದು ವೀಣಕ್ಕ ರೇಗಿಸಿದರೆ, ತಲೆ ಎತ್ತದೆ, "ಹಾಡೋದು ಬಿಟ್ಟಾಗಿದೆಯಲ್ಲ. ಇನ್ನು ಅಂಗಡಿ ಒಂದು ಬಾಕಿ," ಎಂದರು.

ವೀಣಕ್ಕನ ಮದುವೆ ಗೊತ್ತಾದದ್ದು ಅದೇ ದಿನಗಳಲ್ಲಿ. ಒಂದು ಸಂಜೆ ಹೂ ಕಟ್ಟುತ್ತ ಅವಳು ಎಲ್ಲರೆದುರೂ ಹೇಳಿದಳು, "ನನ್ನ ಮದುವೇಲಾದ್ರೂ ಅಮ್ಮನೇ ಹಾಡ್ಲಿ ಅಜ್ಜಿ. ಕ್ಯಾಸೆಟ್ಟು ಬೇಡ."

ಅಜ್ಜಿ ಅವಳ ಕಡೆ ನೋಡಲಿಲ್ಲ. ಅತ್ತೆಯ ಕಡೆ ತಿರುಗಿ, "ಮಗಳು ಚೆನ್ನಾಗಿರೋದು ಬೇಡ್ವೇನೇ ನಿನಗೆ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಅತ್ತೆ ಮಾತು ಬದಲಿಸಿದರು: "ಸೆಟ್ಟಿನ ಬೆಲ್ಟು ಸಡಿಲ ಆಗಿದೆಯಮ್ಮ. ಟೇಪು ಎಳ್ಕೊಳ್ಳೋ ಶಕ್ತಿ ಇಲ್ಲ ಅದಕ್ಕೆ. ಹೊಸದು ಹಾಕ್ಬೇಕು."

ಮಾರನೆಯ ದಿನ ನಾನೂ ಅತ್ತೆಯೂ ರೇಡಿಯೋ ಬಿಡಿಭಾಗ ಸಿಗುವ ಎಸ್.ಪಿ. ರೋಡಿಗೆ ಹೋಗಿ ಬೆಲ್ಟು ತಂದೆವು. ಅಂಗಡಿಯವನು, "ಯಾಕ್ ಒದ್ದಾಡ್ತೀರಮ್ಮ, ಹೊಸ ಸೆಟ್ ತಗೊಂಬಿಡಿ," ಎಂದ. "ಇದರಲ್ಲಿ ನಮ್ಮನೆಯವ್ರು ಮಾತಾಡ್ತಾರೆ," ಎಂದರು ಅತ್ತೆ. ಅವನು ಬೆಲ್ಟನ್ನು ಪೊಟ್ಟಣ ಕಟ್ಟಿಕೊಟ್ಟ. ಮದುವೆಯ ಹಿಂದಿನ ದಿನ ಅತ್ತೆ ಸೆಟ್ಟು ಬಿಚ್ಚಿ ಕೂತದ್ದನ್ನು ನೋಡಿದೆ. ಅವರ ಕೈಯಲ್ಲಿ ಇದ್ದದ್ದೇನು ಎಂಬುದು ನೆನಪಿಲ್ಲ. ನನ್ನನ್ನು ಬಳೆ ತರಲು ಕಳಿಸಿದ್ದರು ಅನ್ನಿಸುತ್ತದೆ.

ಛತ್ರದಲ್ಲಿ ಆರತಿಯ ಹೊತ್ತಾಯಿತು. ಅಜ್ಜಿ ತಟ್ಟೆ ಹಿಡಿದು ನಿಂತರು, ನಾನು ಗುಂಡಿ ಒತ್ತಿದೆ. ಬಳೆ ಸದ್ದಾಯಿತು, ಮೊದಲ ನುಡಿ ಬಂತು. ಎರಡನೆಯ ನುಡಿಯ ಅರ್ಧಕ್ಕೆ ಅತ್ತೆಯ ದನಿ ಗಂಡಸಿನ ದನಿಯಂತೆ ದಪ್ಪವಾಗಿ, ಎಳೆದು, ನಿಂತಿತು.

"ನಿಲ್ಲಿಸ್ಬೇಡ್ರೇ," ಎಂದರು ಅಜ್ಜಿ ಗಾಬರಿಯಿಂದ. "ಆರತಿ ಹಾಡು ಅರ್ಧಕ್ಕೆ ನಿಲ್ಲಬಾರ್ದು. ಯಾರಾದ್ರೂ ಮುಂದಕ್ಕೆ ಹೇಳ್ರೇ."

ಯಾರಿಗೂ ಬರಲಿಲ್ಲ. ಅದು ಅತ್ತೆಯ ಗಂಡನ ಮನೆಯ ಹಾಡು. ಆಗ ಊಟದ ಮನೆಯ ಬಾಗಿಲಿನಿಂದ, ನಿಂತ ಅಕ್ಷರಕ್ಕೆ ಸರಿಯಾಗಿ, ಹಾಡು ಮುಂದುವರಿಯಿತು. ಅತ್ತೆ ಹೊಸ್ತಿಲು ದಾಟಲಿಲ್ಲ. ಸೆರಗಿನಲ್ಲಿ ಕೈ ಒರೆಸುತ್ತ ಅಲ್ಲೇ ನಿಂತು ಹಾಡಿದರು. ಕ್ಯಾಸೆಟ್ಟಿನ ದನಿಗಿಂತ ಒರಟಾಗಿತ್ತು, ಬಳೆಯ ಸದ್ದಿರಲಿಲ್ಲ. ಅಜ್ಜಿಯ ಕೈಯ ತಟ್ಟೆ ಒಂದು ಕ್ಷಣ ತಡೆದು, ಮತ್ತೆ ತಿರುಗತೊಡಗಿತು. ನಿಲ್ಲಿಸಿದರೂ ಅಶುಭ, ನಡೆಸಿದರೂ ಅಶುಭ, ಅಜ್ಜಿ ನಡೆಸಿದರು. ವೀಣಕ್ಕ ತಲೆ ತಗ್ಗಿಸಿಯೇ ಇದ್ದಳು. ಅತ್ತಳೆಂದು ನನ್ನ ಅಮ್ಮ ಹೇಳುತ್ತಾಳೆ. ನಾನು ನೋಡಲಿಲ್ಲ. ನಾನು ಸೆಟ್ಟಿನ ಮುಚ್ಚಳದೊಂದಿಗೆ ಗುದ್ದಾಡುತ್ತಿದ್ದೆ.

ಮನೆಗೆ ಬಂದ ಮೇಲೆ ಅಪ್ಪ ಕ್ಯಾಸೆಟ್ಟನ್ನು ಎಳೆದು ತೆಗೆದರು. ರೀಲು ಹರಿಯಿತು. ಹಾಡಿನ ಜೊತೆ ಅದಕ್ಕೂ ಮುಂಚಿನ ರೀಲೂ ಚಕ್ರಕ್ಕೆ ಸುತ್ತಿಕೊಂಡಿತ್ತು; ಸುಕ್ಕುಸುಕ್ಕಾಗಿ ಹಾಳಾದ ಆ ತುಂಡಿನಲ್ಲೇ ಮಾವನ ಮಾತೂ ಇತ್ತು. ಅತ್ತೆ ಆ ತುಂಡನ್ನು ಬೆರಳಲ್ಲಿ ನೀವಿ ನೀವಿ ನೋಡಿ, ಕತ್ತರಿಸಿ ತೆಗೆದು, ಉಳಿದದ್ದಕ್ಕೆ ಅಂಟು ಹಾಕಿದರು. ಆಮೇಲೆ ಆ ಕ್ಯಾಸೆಟ್ಟನ್ನು ಯಾರೂ ಕೇಳಿಕೊಂಡು ಬರಲಿಲ್ಲ. ಅತ್ತೆಯನ್ನು ಹಾಡಲು ಕರೆಯಲೂ ಇಲ್ಲ.

ಕೆಲವು ದಿನಗಳ ನಂತರ ಅವರ ದಾರದ ಡಬ್ಬಿಯಲ್ಲಿ ಎಸ್.ಪಿ. ರೋಡಿನ ಪೊಟ್ಟಣ ಕಂಡೆ. ಒಳಗೆ ಬೆಲ್ಟಿತ್ತು. ಅದು ಹೊಸದೋ, ತೆಗೆದಿಟ್ಟ ಹಳೆಯದೋ? ಹೊಳಪಿಲ್ಲದ ಕಪ್ಪಾಗಿತ್ತು ಎಂದು ನೆನಪು. ಹೊಸ ಬೆಲ್ಟುಗಳು ಹಾಗಿರುತ್ತವೆ, ಹಳೆಯವು ಸವೆದು ಹೊಳೆಯುತ್ತವೆ. ಆದರೆ ಈ ನೆನಪಿಗೆ ಆ ಬಣ್ಣವನ್ನು ಯಾವಾಗ ಹಚ್ಚಿದೆನೋ ನನಗೇ ಗೊತ್ತಿಲ್ಲ. ಆ ಸೆಟ್ಟು ಟೇಪನ್ನು ಹೇಗೆ ತಿನ್ನುತ್ತದೆಂದು ಅತ್ತೆಯಷ್ಟು ತಿಳಿದವರು ಯಾರೂ ಇರಲಿಲ್ಲ. ಅವರು ಬೇಕೆಂದೇ ಹೊಸ ಬೆಲ್ಟು ಹಾಕದೆ ಬಿಟ್ಟಿದ್ದರೆ, ಮಗಳಿಗೆ ಒಂದೂವರೆ ನುಡಿ ಹಾಡುವುದಕ್ಕೆ ಗಂಡನ ಮಾತನ್ನು ಸೆಟ್ಟಿನ ಬಾಯಿಗೆ ಕೊಟ್ಟಂತಾಯಿತು. ಬೇಕೆಂದು ಮಾಡದೆ ಇದ್ದಿದ್ದರೆ, ಹಾಡು ನಿಂತದ್ದೂ ಮಾವನ ಮಾತು ಹೋದದ್ದೂ ತಾನಾಗಿಯೇ ಆದದ್ದು. ಯಾವುದು ನಿಜವಾಗಿರಲಿ ಎಂದು ನಾನು ಬಯಸುತ್ತೇನೆ ಎಂಬುದೂ ದಿನಕ್ಕೊಂದು ರೀತಿ ಬದಲಾಗುತ್ತದೆ.

ಸೆಟ್ಟು ಎಂದೋ ಗುಜರಿಗೆ ಹೋಯಿತು. ಅಜ್ಜಿಯೂ ಇಲ್ಲ, ಅಜ್ಜಿಯ ಕಟ್ಟುಪಾಡನ್ನು ಹಿಡಿದು ಕೂರುವವರೂ ಇಲ್ಲ. ಈಚೆಗೆ ವೀಣಕ್ಕನ ಮಗಳ ಮದುವೆಯಲ್ಲಿ ಅತ್ತೆಯನ್ನೇ ಮುಂದೆ ಕೂರಿಸಿ, "ಹಾಡಿ ಅಜ್ಜಿ," ಎಂದರು. ಅತ್ತೆಗೆ ಉಸಿರು ಹಿಡಿಯಲಾಗಲಿಲ್ಲ. ಎರಡನೆಯ ನುಡಿಯ ಅರ್ಧದ ಮೇಲೆ ಪದಗಳೂ ಬರಲಿಲ್ಲ. ಯಾರದೋ ಮೊಬೈಲಿನಲ್ಲಿ ಬೇರೆ ಯಾವುದೋ ಹಾಡು ಹಾಕಿ ಆರತಿ ಮುಗಿಸಿದರು. ಯಾರಿಗೂ ಏನೂ ಅನ್ನಿಸಲಿಲ್ಲ.

ಹೋದ ತಿಂಗಳು ಮಲ್ಲೇಶ್ವರಂನ ವೀಣಕ್ಕನ ಮನೆಯಲ್ಲಿ ಅತ್ತೆಯ ಪಕ್ಕ ಕೂತು ಅವರೆಕಾಳು ಬಿಡಿಸುತ್ತಿದ್ದಾಗ ಕೊನೆಗೂ ಕೇಳಿದೆ. ಅವರು ಕೈಯಲ್ಲಿದ್ದ ಕಾಯಿಯನ್ನು ಬಿಡಿಸಿ, ಇನ್ನೊಂದನ್ನು ತೆಗೆದುಕೊಂಡರು. ಮತ್ತೊಮ್ಮೆ ಹೋದಾಗಲೂ ಕೇಳಿದೆ.

"ಅತ್ತೆ, ಆವತ್ತು ಹೊಸ ಬೆಲ್ಟ್ ಹಾಕಿದ್ರಾ?"